ಭದ್ರೆಯ ಹತ್ತೊಂಬತ್ತು ಮರಿಗಳು

ಹೋದ ತಿಂಗಳು ಶಿವಮೊಗ್ಗದ ನಮ್ಮ ಹಳೆಯ ಬೀದಿಯ ಹುಡುಗನೊಬ್ಬ ಬೆಂಗಳೂರಿನಿಂದ ಫೋನ್ ಮಾಡಿದ್ದ. ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾನೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆ. "ಅಣ್ಣ, ನೀವು ಅಮೆರಿಕದಲ್ಲಿ ಬೋವಾ ಹಾವು ಸಾಕಿದ್ದೀರಂತಲ್ಲ, ಒಂದು ಜೋಡಿ ತಂದು ಮರಿ ಮಾಡಿಸಿದರೆ ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ಹುಟ್ಟುತ್ತದೆ?" ಎಂಬುದು ಅವನ ಪ್ರಶ್ನೆ. ಹುಟ್ಟುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಫೋನ್ ಇಟ್ಟೆನಾದರೂ, ಅವನಿಗೆ ಅದು ಹಿರಿಯರು ಕಿರಿಯರ ಉತ್ಸಾಹಕ್ಕೆ ಎರಚುವ ತಣ್ಣೀರಿನಂತೆ ಕೇಳಿಸಿರಬೇಕು. ಆದ್ದರಿಂದ ಹನ್ನೆರಡು ವರ್ಷಗಳಿಂದ ಈ ಪ್ರಾಣಿಯನ್ನು ಸಾಕಿ, ಒಮ್ಮೆ ಮಾತ್ರ ಮರಿ ಮಾಡಿಸಿದ ನನ್ನ ಲೆಕ್ಕವನ್ನು ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ನಾನಿರುವುದು ಪೆನ್ಸಿಲ್ವೇನಿಯಾದ ರಾಜಧಾನಿ ಹ್ಯಾರಿಸ್‌ಬರ್ಗ್‌ಗೆ ಹೊಂದಿಕೊಂಡ ಒಂದು ಊರಿನಲ್ಲಿ. ನಮ್ಮ ನೆಲಮಾಳಿಗೆಯಲ್ಲಿ ಭದ್ರೆ ಮತ್ತು ವರದ ಎಂಬ ಎರಡು ಬೋವಾಗಳಿವೆ. ಹೆಣ್ಣಿಗೆ ನಮ್ಮ ಜಿಲ್ಲೆಯ ನದಿಯ ಹೆಸರಿಟ್ಟ ಮೇಲೆ ಗಂಡಿಗೂ ನದಿಯ ಹೆಸರೇ ಬೇಕೆಂದು ಮಗಳು ಹಟ ಹಿಡಿದಾಗ, ಗಂಡಸರಿಗೂ ಇಡಬಹುದಾದ ನದಿಯ ಹೆಸರೆಂದು ವರದೆಯನ್ನು ಸ್ವಲ್ಪ ತಿದ್ದಿ ವರದನನ್ನಾಗಿ ಮಾಡಿಕೊಂಡೆವು.

ಕನ್ನಡದ ಪತ್ರಿಕೆಗಳು ಬೋವಾವನ್ನು ಸಾಮಾನ್ಯವಾಗಿ ಹೆಬ್ಬಾವು ಎಂದೇ ಬರೆಯುತ್ತವೆ. ನೋಟಕ್ಕೆ ಅದು ತಪ್ಪೇನೂ ಅನ್ನಿಸದು. ಎರಡೂ ದಪ್ಪ ಮೈಯವು, ಎರಡಕ್ಕೂ ವಿಷವಿಲ್ಲ, ಎರಡೂ ಬೇಟೆಯನ್ನು ಸುತ್ತಿ ಹಿಸುಕಿ ಕೊಲ್ಲುತ್ತವೆ. ಆದರೆ ಮರಿ ಮಾಡಿಸಹೊರಟವನಿಗೆ ಇವೆರಡರ ನಡುವಿನ ವ್ಯತ್ಯಾಸವೇ ಮುಖ್ಯ. ನಮ್ಮ ಹೆಬ್ಬಾವು ಮೊಟ್ಟೆಯಿಟ್ಟು, ಅದರ ಸುತ್ತ ಸುರುಳಿ ಸುತ್ತಿ, ಮೈಯ ಸ್ನಾಯುಗಳನ್ನು ಅದುರಿಸಿ ಕಾವು ಕೊಡುತ್ತದೆ. ಬೋವಾ ಮೊಟ್ಟೆಯಿಡುವುದಿಲ್ಲ, ನಮ್ಮ ಕಡೆಯ ಕೊಳಕುಮಂಡಲದಂತೆ ನೇರವಾಗಿ ಮರಿಗಳನ್ನೇ ಹಾಕುತ್ತದೆ. ಭಾರತದಲ್ಲಿ ಬೋವಾಕ್ಕೆ ಹತ್ತಿರದ ನೆಂಟನನ್ನು ಹುಡುಕುವುದಾದರೆ ಅದು ಹೆಬ್ಬಾವಲ್ಲ, ಎರಡು ತಲೆ ಹಾವೆಂದು ಹೇಳಿ ಮೋಸಗಾರರು ಮಾರುವ, ಪಾಪದ ಮಣ್ಣುಮುಕ್ಕ ಹಾವು.

ಬೋವಾ ಕನ್‌ಸ್ಟ್ರಿಕ್ಟರ್ ಎಂಬ ಹೆಸರನ್ನು ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ಕೊಟ್ಟ. ಆದರೆ ಅಮೆರಿಕದ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಮೆಕ್ಸಿಕೊದಿಂದ ಕೊಲಂಬಿಯಾದವರೆಗೆ ಹರಡಿರುವ, 1803ರಲ್ಲಿ ಹೆಸರು ಪಡೆದ ಬೋವಾ ಇಂಪರೇಟರ್. ಬಹುಕಾಲ ಇದನ್ನು ಮೊದಲನೆಯದರ ಉಪಪ್ರಭೇದವೆಂದು ಎಣಿಸುತ್ತಿದ್ದರು, ಈಗ ಬೇರೆಯದೇ ಪ್ರಭೇದವೆನ್ನುತ್ತಾರೆ. ನಮ್ಮ ಮನೆಯ ಎರಡೂ ಇದೇ ಬಗೆಯವು. ಬೂದು ಮಿಶ್ರಿತ ಕಂದು ಮೈ, ಬೆನ್ನುದ್ದಕ್ಕೂ ಕುದುರೆಯ ಜೀನಿನಾಕಾರದ ಕಡುಗಂದು ಪಟ್ಟೆಗಳು, ಬಾಲದ ಕಡೆಗೆ ಬಂದಂತೆ ಆ ಪಟ್ಟೆಗಳು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತವೆ. ಭದ್ರೆ ಈಗ ಏಳು ಅಡಿಗೂ ಸ್ವಲ್ಪ ಹೆಚ್ಚು ಉದ್ದವಿದ್ದಾಳೆ. ವರದ ಐದೂವರೆ ಅಡಿಗೇ ನಿಂತಿದ್ದಾನೆ. ಈ ಜಾತಿಯಲ್ಲಿ ಗಂಡು ಚಿಕ್ಕದು.

ಭದ್ರೆಯನ್ನು 2013ರ ಶರತ್ಕಾಲದಲ್ಲಿ, ಹುಟ್ಟಿ ಮೂರು ತಿಂಗಳ ಮರಿಯಾಗಿದ್ದಾಗ, ಪಕ್ಕದ ರಾಜ್ಯದ ಒಬ್ಬ ಸಾಕಣೆಗಾರನಿಂದ ಕೊಂಡು ತಂದೆ. ಐದು ದಿನಕ್ಕೊಮ್ಮೆ ಊಟ ಕೊಡಿ, ಬೇಗ ದೊಡ್ಡವಳಾಗುತ್ತಾಳೆ ಎಂದು ಅವನು ಹೇಳಿದ್ದ. ಕೊಟ್ಟಷ್ಟನ್ನೂ ಅವಳು ತಿನ್ನುತ್ತಿದ್ದುದರಿಂದ ನಾನೂ ಹಿಗ್ಗಿ, ಒಂದು ಹಂತ ದೊಡ್ಡ ಇಲಿಯನ್ನೇ ಕೊಟ್ಟೆ. ಮೂರನೆಯ ದಿನ ಪೆಟ್ಟಿಗೆಯ ಬಾಗಿಲು ತೆರೆದಾಗ ಬಂದ ವಾಸನೆಯನ್ನು ಬರವಣಿಗೆಯಲ್ಲಿ ಹೇಳಲಾರೆ. ಅರ್ಧ ಜೀರ್ಣವಾಗಿ ರೋಮವೆಲ್ಲ ಜಾರಿಹೋದ ಇಲಿಯನ್ನು ಅವಳು ಪೂರ್ತಿಯಾಗಿ ಕಕ್ಕಿದ್ದಳು. ಬೋವಾ ಕಕ್ಕಿದರೆ ಅದು ನಾಯಿ ವಾಂತಿ ಮಾಡಿಕೊಂಡಂತೆ ಅಲ್ಲ. ಹೊಟ್ಟೆಯ ಆಮ್ಲ, ಅಲ್ಲಿನ ಉಪಕಾರಿ ಸೂಕ್ಷ್ಮಜೀವಿಗಳು, ಮೈಯ ನೀರು ಎಲ್ಲವೂ ಒಟ್ಟಿಗೆ ಹೊರಗೆ ಹೋಗುತ್ತವೆ. ಮತ್ತೆ ಅವಸರದಿಂದ ತಿನ್ನಿಸಿದರೆ ಮತ್ತೆ ಕಕ್ಕುತ್ತದೆ, ಹಾಗೆ ಎರಡು ಮೂರು ಸಲವಾದರೆ ಮರಿ ಉಳಿಯುವುದೇ ಕಷ್ಟ. ಎರಡು ವಾರಕ್ಕೂ ಹೆಚ್ಚು ಕಾಲ ನೀರು ಮಾತ್ರ ಇಟ್ಟು, ಬಳಿಕ ಮೊದಲಿನದರ ಅರ್ಧದಷ್ಟು ಗಾತ್ರದ ಇಲಿಮರಿಯಿಂದ ಮತ್ತೆ ಶುರುಮಾಡಿದೆ. ತಪ್ಪು ಆ ಸಾಕಣೆಗಾರನದಷ್ಟೇ ಅಲ್ಲ. ನೋಡುವುದಕ್ಕೆ ಖುಷಿಯಾಗುತ್ತದೆಂದು ತಿನ್ನಿಸಿದವನು ನಾನು. ಈಗ ಅವಳಿಗೆ ತಿಂಗಳಿಗೊಂದು, ಚಳಿಗಾಲದಲ್ಲಿ ಆರು ವಾರಕ್ಕೊಂದು ಇಲಿ. ಆರೋಗ್ಯವಂತ ಬೋವಾದ ಮೈಯನ್ನು ಅಡ್ಡಲಾಗಿ ನೋಡಿದರೆ ಅಂಚು ದುಂಡಾಗಿಸಿದ ಚೌಕದಂತೆ ಕಾಣಬೇಕು. ಕೊಳವೆಯ ಹಾಗೆ ಉರುಟಾಗಿದ್ದು, ಸುತ್ತಿಕೊಂಡಾಗ ಚಕ್ಕೆಗಳ ನಡುವಿನ ಚರ್ಮ ಕಾಣುತ್ತಿದ್ದರೆ ಅದು ಬೊಜ್ಜು.

ಊಟವೆಂದರೆ ಹಿಮಗಟ್ಟಿಸಿ ಮಾರುವ ಇಲಿಗಳು. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಅಡುಗೆಮನೆ. ತೊಗರಿಬೇಳೆ, ಹುಳಿಪುಡಿ ಇರುವ ಮಹಡಿಗೆ ಇಲಿ ಹತ್ತಕೂಡದು ಎಂಬ ಒಂದೇ ಷರತ್ತಿನ ಮೇಲೆ ನನ್ನ ಹೆಂಡತಿ ಈ ವ್ಯವಹಾರಕ್ಕೆ ಒಪ್ಪಿದ್ದಳು, ಆದ್ದರಿಂದ ಒಂದು ಚಿಕ್ಕ ಫ್ರೀಜರ್, ಒಂದು ಬಕೆಟ್, ಒಂದು ಉದ್ದನೆಯ ಇಕ್ಕಳ ನೆಲಮಾಳಿಗೆಯಲ್ಲೇ ಕಾಯಂ ಆಗಿವೆ. ಹಿಂದಿನ ರಾತ್ರಿ ಹಿಮ ಕರಗಿಸಿ, ಕೊಡುವ ಮೊದಲು ಬಿಸಿನೀರಿನಲ್ಲಿಟ್ಟು ಮೈಬಿಸಿ ಬರಿಸಿ, ಇಕ್ಕಳದಲ್ಲಿ ಹಿಡಿದು ತೋರಿಸಬೇಕು. ಹೆಬ್ಬಾವಿನ ತುಟಿಯಲ್ಲಿ ಶಾಖ ಅರಿಯುವ ಕುಳಿಗಳು ಕಣ್ಣಿಗೆ ಕಾಣುತ್ತವೆ. ಬೋವಾಕ್ಕೆ ಅಂಥ ಕುಳಿಗಳಿಲ್ಲ, ಆದರೂ ಶಾಖ ಅದಕ್ಕೆ ತಿಳಿಯುತ್ತದೆ. ಇಲಿಯನ್ನು ಬೆಚ್ಚಗೆ ಮಾಡದೆ ಕೊಟ್ಟರೆ ಭದ್ರೆ ನಾಲಿಗೆ ಚಾಚಿ ಮೂಸಿ ಸುಮ್ಮನಾಗುತ್ತಾಳೆ. ಬೆಚ್ಚಗಿದ್ದರೆ ಕಣ್ಣಿಗೆ ಕಾಣಿಸುವುದು ಇಲಿ ಇಕ್ಕಳದಲ್ಲಿದ್ದ ಹಿಂದಿನ ಕ್ಷಣ ಮತ್ತು ಮೂರು ಸುತ್ತಿನೊಳಗೆ ಮಾಯವಾದ ಮುಂದಿನ ಕ್ಷಣ ಮಾತ್ರ.

ಸತ್ತ ಇಲಿಯನ್ನೂ ಅವಳು ಹಿಸುಕುವುದೇಕೆ ಎಂದು ಬಂದವರೆಲ್ಲ ಕೇಳುತ್ತಾರೆ. ಇದಕ್ಕೆ ಉತ್ತರ ಹುಡುಕಿದವರು ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿದ್ದಾರೆಂಬುದು ನನಗೊಂದು ಸಣ್ಣ ಹೆಮ್ಮೆ. ಕಾರ್ಲೈಲ್ ಊರಿನ ಡಿಕಿನ್ಸನ್ ಕಾಲೇಜಿನ ಸ್ಕಾಟ್ ಬೋಬ್ಯಾಕ್ ಮತ್ತು ಅವರ ಜೊತೆಗಾರರು ಸತ್ತ ಇಲಿಗಳೊಳಗೆ ಮಿಡಿಯುವ ಕೃತಕ ಹೃದಯವನ್ನು ಇಟ್ಟು ಬೋವಾಗಳಿಗೆ ಕೊಟ್ಟು ನೋಡಿದರು. ಹೃದಯ ಮಿಡಿಯುತ್ತಿದ್ದಷ್ಟು ಹೊತ್ತು ಹಾವು ಹೆಚ್ಚು ಬಲದಿಂದ, ಹೆಚ್ಚು ಹೊತ್ತು ಹಿಸುಕಿತು. 2012ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಬೋವಾ ತನ್ನ ಸುರುಳಿಯ ಮೂಲಕ ಬೇಟೆಯ ಎದೆಬಡಿತವನ್ನು ಅರಿಯುತ್ತದೆಂಬುದು ಗೊತ್ತಾಯಿತು. 2015ರಲ್ಲಿ ಅದೇ ತಂಡ, ಬೋವಾ ಉಸಿರುಗಟ್ಟಿಸಿ ಕೊಲ್ಲುತ್ತದೆ ಎಂಬ ಹಳೆಯ ನಂಬಿಕೆಯನ್ನೂ ತಿದ್ದಿತು. ಹಿಸುಕಿದ ಕೆಲವೇ ಸೆಕೆಂಡುಗಳಲ್ಲಿ ಇಲಿಯ ರಕ್ತಸಂಚಾರವೇ ನಿಂತುಬಿಡುತ್ತದೆ, ಉಸಿರಿನ ಮಾತು ಆಮೇಲಿನದು. ಇದನ್ನು ಓದಿದ ಮೇಲೆ, ಊಟದ ದಿನ ಭದ್ರೆ ತನ್ನ ಹಿಡಿತವನ್ನು ಒಂದೊಂದೇ ಸುತ್ತು ಸಡಿಲಿಸುವುದನ್ನು ನಾನು ನೋಡುವ ರೀತಿಯೇ ಬದಲಾಯಿತು. ಅವಳು ಕಿವಿಗೊಡುತ್ತಿದ್ದಾಳೆ ಅನ್ನಿಸುತ್ತದೆ, ಕಿವಿ ಅವಳ ಮೈಯಲ್ಲಿದೆ.

ಗೂಡಿನ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಪಿವಿಸಿ ಪೆಟ್ಟಿಗೆ, ಒಂದು ತುದಿಯಲ್ಲಿ 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 26. ಎರಡೂ ಕಡೆ ಅಡಗಿಕೊಳ್ಳಲು ಒಂದೊಂದು ಮರೆ, ಮೈ ಮುಳುಗಿಸಿ ಮಲಗುವಷ್ಟು ದೊಡ್ಡ ನೀರಿನ ತೊಟ್ಟಿ, ನೆಲಕ್ಕೆ ತೆಂಗಿನ ನಾರಿನ ಪುಡಿ. ಶಾಖದ ಯಾವ ಉಪಕರಣವನ್ನೂ ಥರ್ಮೋಸ್ಟಾಟ್ ಇಲ್ಲದೆ ಹಾಕಬಾರದು, ಏಕೆಂದರೆ ಮೈ ಸುಡುತ್ತಿದ್ದರೂ ಜಾಗ ಬಿಟ್ಟು ಏಳಬೇಕೆಂದು ಹಾವಿಗೆ ತೋಚುವುದಿಲ್ಲ. ಪೊರೆ ಬಿಡುವ ಮೊದಲು ಕಣ್ಣು ಹಾಲು ಬೆರೆಸಿದ ನೀಲಿಯಾಗುತ್ತದೆ, ಆಗ ಮುಟ್ಟಲು ಹೋಗದಿರುವುದು ಇಬ್ಬರಿಗೂ ಒಳ್ಳೆಯದು.

ಮರಿ ಮಾಡಿಸುವ ಆಸೆ ಹುಟ್ಟಿದ್ದು ಬಣ್ಣದಿಂದ. ಬೋವಾಗಳಲ್ಲಿ ಕಪ್ಪು ವರ್ಣದ್ರವ್ಯವಿಲ್ಲದ ಆಲ್ಬಿನೊ ಬಗೆಯಿದೆ: ಕೆನೆಬಣ್ಣ, ಕಿತ್ತಳೆ, ಹವಳದಂಥ ಬಾಲ, ಕೆಂಪು ಕಣ್ಣು. ಇದು ದುರ್ಬಲ ಗುಣ. ತಾಯಿಯಿಂದ ಒಂದು, ತಂದೆಯಿಂದ ಒಂದು ಜೀನ್ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಒಂದೇ ಜೀನನ್ನು ಒಳಗೆ ಹೊತ್ತು ಹೊರಗೆ ಸಾಮಾನ್ಯವಾಗಿ ಕಾಣುವ ಹಾವನ್ನು ಸಾಕಣೆಗಾರರು ಹೆಟ್ ಎನ್ನುತ್ತಾರೆ. ಭದ್ರೆಯನ್ನು ನನಗೆ ಹೆಟ್ ಆಲ್ಬಿನೊ ಎಂದೇ ಮಾರಿದ್ದರು. 2015ರಲ್ಲಿ ಮತ್ತೊಬ್ಬರಿಂದ ಕೊಂಡ ವರದನೂ ಹೆಟ್. ಇಬ್ಬರ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೊಂದು ಆಲ್ಬಿನೊ ಆಗಬೇಕೆಂಬುದು ಹೈಸ್ಕೂಲಿನ ಬಟಾಣಿ ಗಿಡದ ಲೆಕ್ಕ.

ಜೋಡಿ ಹಾಕುವ ಮೊದಲು ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದೆ. ಇನ್‌ಕ್ಲೂಷನ್ ಬಾಡಿ ಡಿಸೀಸ್ ಎಂಬ ಕಾಯಿಲೆ ಬೋವಾ ಸಾಕುವವರ ದೊಡ್ಡ ಭಯ. ದಶಕಗಳ ಕಾಲ ಕಾರಣ ತಿಳಿಯದಿದ್ದ ಈ ರೋಗಕ್ಕೂ ಅರೆನಾವೈರಸ್ ಬಳಗದ ಒಂದು ಹೊಸ ವೈರಸ್ಸಿಗೂ ನಂಟಿದೆಯೆಂದು 2012ರಲ್ಲಿ ಗೊತ್ತಾಯಿತು. ಔಷಧವಿಲ್ಲ. ಸೋಂಕಿದ ಬೋವಾ ವರ್ಷಗಟ್ಟಲೆ ಏನೂ ಆಗದಂತೆ ಇದ್ದು ಜೊತೆಯವಕ್ಕೆ ಹರಡಬಲ್ಲದು, ತಾಯಿಯಿಂದ ಮರಿಗಳಿಗೂ ದಾಟಬಲ್ಲದು. ಇವರಿಬ್ಬರ ವರದಿಯೂ ಶುದ್ಧವಾಗಿ ಬಂದ ಮೇಲೆಯೇ, 2018ರ ಅಕ್ಟೋಬರಿನಿಂದ ರಾತ್ರಿಯ ತಾಪಮಾನವನ್ನು ಮೆಲ್ಲನೆ 23 ಡಿಗ್ರಿಗೆ ಇಳಿಸುತ್ತ ಬಂದು, ನವೆಂಬರಿನಲ್ಲಿ ವರದನನ್ನು ಭದ್ರೆಯ ಪೆಟ್ಟಿಗೆಗೆ ಬಿಟ್ಟೆ.

ಬೋವಾದ ಗುದದ್ವಾರದ ಎರಡು ಪಕ್ಕದಲ್ಲೂ ಗುಲಾಬಿ ಮುಳ್ಳಿನಂಥ ಒಂದೊಂದು ಉಗುರಿದೆ. ಎಂದೋ ಇದ್ದ ಹಿಂಗಾಲುಗಳ ಉಳಿಕೆ ಅದು. ಹೆಣ್ಣಿನಲ್ಲಿ ಮೊಟಕು, ಗಂಡಿನಲ್ಲಿ ಎದ್ದು ಕಾಣುವಂಥದ್ದು. ವರದ ಆ ಉಗುರುಗಳಿಂದ ಭದ್ರೆಯ ಬೆನ್ನನ್ನು ಗಂಟೆಗಟ್ಟಲೆ ಕೆರೆಯುತ್ತಿದ್ದ. ರಾತ್ರಿ ದೀಪವಾರಿಸಿ ಕುಳಿತರೆ ಕಾಗದದ ಮೇಲೆ ಬೆರಳುಗುರು ಎಳೆದಂಥ ಸದ್ದು ಕೇಳಿಸುತ್ತಿತ್ತು. ಭದ್ರೆ ಮೊದಲ ಮೂರು ವಾರ ಅವನ ಮೇಲೆ ಹಾದು ಹೋಗಿ ನೀರಿನ ತೊಟ್ಟಿಯಲ್ಲಿ ಮಲಗುತ್ತಿದ್ದಳು. ಡಿಸೆಂಬರಿನ ಕೊನೆಗೆ ಬಾಲಗಳು ಹೆಣೆದುಕೊಂಡದ್ದನ್ನು ಕಂಡೆ. ಅದರಿಂದಾಚೆ ಫೆಬ್ರುವರಿಯವರೆಗೆ ವರದ ಒಂದು ತುತ್ತೂ ತಿನ್ನಲಿಲ್ಲ.

2019ರ ಏಪ್ರಿಲ್ ಮೊದಲ ದಿನ ಭದ್ರೆಯ ನಡುಮೈ ದೊಡ್ಡದೊಂದು ಇಲಿಯನ್ನು ನುಂಗಿದಂತೆ ಉಬ್ಬಿತ್ತು, ಮರುದಿನ ಇಳಿದಿತ್ತು. ಅಂಡಗಳು ಬಿಡುಗಡೆಯಾದ ಗುರುತು ಅದು. ನೋಡಿಕೊಳ್ಳದಿದ್ದರೆ ತಪ್ಪಿಹೋಗುವಷ್ಟೇ ಹೊತ್ತು ಇರುತ್ತದೆ. ಹದಿನೆಂಟರಂದು ಪೊರೆ ಬಿಟ್ಟಳು. ಗರ್ಭದ ಲೆಕ್ಕವನ್ನು ಸಾಕಣೆಗಾರರು ಹಿಡಿಯುವುದು ಈ ಪೊರೆಯಿಂದಲೇ, ಅಲ್ಲಿಂದ ಸುಮಾರು 105 ದಿನ, ಹತ್ತು ಹದಿನೈದು ಹೆಚ್ಚೂಕಡಿಮೆ. ಆ ದಿನಗಳಲ್ಲಿ ಅವಳು ಬಿಸಿಯ ತುದಿಯನ್ನು ಬಿಟ್ಟು ಕದಲಲಿಲ್ಲ, ಎಷ್ಟೋ ಸಲ ಹೊಟ್ಟೆಯ ಅರ್ಧಭಾಗವನ್ನು ಮೇಲಕ್ಕೆ ತಿರುಗಿಸಿಕೊಂಡು ಮಲಗಿರುತ್ತಿದ್ದಳು. ಮೊದಲ ಸಲ ಹಾಗೆ ಕಂಡಾಗ ಸತ್ತೇ ಹೋದಳೆಂದು ನನ್ನ ಕೈಕಾಲು ತಣ್ಣಗಾಗಿದ್ದವು.

ಅದೇ ಬೇಸಿಗೆಯಲ್ಲಿ ಅಮ್ಮ ಊರಿನಿಂದ ಬಂದಿದ್ದರು. ನಮ್ಮ ಕಡೆ ರಾತ್ರಿ ಹೊತ್ತು ಹಾವು ಎನ್ನುವುದಿಲ್ಲ, ಹುಳ ಎನ್ನುತ್ತಾರೆ. ಅಮ್ಮ ಹಗಲಲ್ಲೂ ಹಾಗೆಯೇ ಹೇಳುತ್ತಿದ್ದರು. "ಹುಳ ಅದರ ಪಾಡಿಗೆ ಹುತ್ತದಲ್ಲಿದ್ದರೆ ಕೈ ಮುಗೀಬಹುದು ಮಾರಾಯ, ಪೆಟ್ಟಿಗೆಯಲ್ಲಿಟ್ಟರೆ ಏನು ಮಾಡೋದು?" ಎಂದವರು, ಎರಡು ವಾರದಲ್ಲಿ ಬೆಳಗಿನ ಕಾಫಿಯ ಲೋಟ ಹಿಡಿದು ನೆಲಮಾಳಿಗೆಗೆ ಇಳಿದು, ಬಸುರಿಗೆ ಬಿಸಿ ಸಾಕಾ ಎಂದು ವಿಚಾರಿಸುವಷ್ಟಾಗಿದ್ದರು. ಆಗಸ್ಟ್ 3ರ ಶನಿವಾರ ಬೆಳಗ್ಗೆ, ಪೊರೆ ಬಿಟ್ಟ 107ನೆಯ ದಿನ, ನನ್ನನ್ನು ಎಬ್ಬಿಸಿದವರೂ ಅವರೇ.

ಪೆಟ್ಟಿಗೆಯ ಗಾಜಿನ ಒಳಗೆ ಮಂಜು ಕವಿದಿತ್ತು. ತೆಂಗಿನ ಪುಡಿಯ ಮೇಲೆ ಪಾರಕ ಚೀಲಗಳು, ಒಂದೊಂದರೊಳಗೂ ಮಡಚಿಟ್ಟ ಹಗ್ಗದಂತೆ ಒಂದು ಮರಿ. ಕೆಲವು ಚೀಲವನ್ನು ಮೂತಿಯಿಂದ ತಿವಿದು ಹರಿದು ತಲೆ ಹೊರಗಿಟ್ಟು ಮೊದಲ ಉಸಿರು ಎಳೆಯುತ್ತಿದ್ದವು. ಆಕಳಿಸಿದಂತೆ ಬಾಯಿ ಅಗಲವಾಗಿ ತೆರೆದುಕೊಳ್ಳುತ್ತಿತ್ತು. ಒಂದು ಮರಿ ಆಗಲೇ ನೀರಿನ ತೊಟ್ಟಿಯ ಅಂಚಿನ ಮೇಲೇರಿ ಕುಳಿತು, ನಾನು ಕೈ ಚಾಚಿದ್ದೇ ತಡ, ಹುಟ್ಟಿ ಅರ್ಧ ಗಂಟೆಯೂ ಆಗಿರದ ಆ ಜೀವ, ನನ್ನ ಹೆಬ್ಬೆರಳನ್ನು ಕಚ್ಚಿತು. ಭದ್ರೆ ಮೂಲೆಯಲ್ಲಿ ಸೋತು ಮಲಗಿದ್ದಳು. ಬೋವಾ ತಾಯಿ ಮರಿಗಳನ್ನು ಸಾಕುವುದಿಲ್ಲ, ಹಾಲೂಡಿಸುವುದಂತೂ ಇಲ್ಲವೇ ಇಲ್ಲ, ಹೆತ್ತ ಕ್ಷಣದಿಂದ ಅವು ಬೇರೆ ಬೇರೆ. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಹಾಕಿದೆ: ಬದುಕಿದ ಮರಿಗಳು ಹತ್ತೊಂಬತ್ತು, ಸತ್ತು ಹುಟ್ಟಿದವು ಎರಡು, ಫಲಿಸದೆ ಬೆಣ್ಣೆಮುದ್ದೆಯಂತೆ ಹಳದಿಯಾಗಿ ಬಂದ ಅಂಡಗಳು ಐದು. ಇನ್ನೆರಡು ದಿನ ತಡೆದಿದ್ದರೆ ನಾಗರ ಪಂಚಮಿಗೇ ಆಗುತ್ತಿತ್ತಲ್ಲ ಎಂದು ಅಮ್ಮ ಪೇಚಾಡಿಕೊಂಡರು.

ಹತ್ತೊಂಬತ್ತರಲ್ಲಿ ಒಂದೂ ಆಲ್ಬಿನೊ ಇರಲಿಲ್ಲ.

ಒಂದೊಂದನ್ನೇ ಒದ್ದೆ ಬಟ್ಟೆಯಲ್ಲಿ ಒರೆಸಿ, ತೂಗಿ, ಬೆಳಕಿಗೆ ಹಿಡಿದು ನೋಡಿದೆ. ಎಲ್ಲವೂ ಅಪ್ಪಟ ಕಂದು, ಎಲ್ಲಕ್ಕೂ ತಾಯಿಯದೇ ಇಟ್ಟಿಗೆ ಬಣ್ಣದ ಬಾಲ. ಅಂದು ರಾತ್ರಿ ಕ್ಯಾಲ್ಕ್ಯುಲೇಟರ್ ಹಿಡಿದು ಕುಳಿತೆ. ತಂದೆತಾಯಿ ಇಬ್ಬರೂ ನಿಜವಾಗಿ ಒಂದೇ ಬಗೆಯ ಹೆಟ್ ಆಗಿದ್ದರೆ, ಒಂದು ಮರಿ ಆಲ್ಬಿನೊ ಆಗದಿರುವ ಸಾಧ್ಯತೆ ನಾಲ್ಕರಲ್ಲಿ ಮೂರು. ಹತ್ತೊಂಬತ್ತೂ ಆಗದಿರುವ ಸಾಧ್ಯತೆ 0.75ನ್ನು ಹತ್ತೊಂಬತ್ತು ಸಲ ಗುಣಿಸಿದಷ್ಟು, ಅಂದರೆ 0.42 ಶೇಕಡಾ. ದುರದೃಷ್ಟವೆಂದು ಹಣೆ ಚಚ್ಚಿಕೊಳ್ಳುವುದಕ್ಕೆ ಇದು ಬಹಳ ಚಿಕ್ಕ ಸಂಖ್ಯೆ.

ಹಳೆಯ ರಸೀದಿಗಳನ್ನು ತೆಗೆದು ನೋಡಿದಾಗ ಸಂದೇಹ ಹುಟ್ಟಿತು. ಬೋವಾಗಳಲ್ಲಿ ಆಲ್ಬಿನೊ ಒಂದಲ್ಲ. ಕಾಲ್ ತಳಿ, ಶಾರ್ಪ್ ತಳಿ ಎಂದು ಎರಡು ಪ್ರಸಿದ್ಧ ಬಗೆಗಳಿದ್ದು, ನೋಟದಲ್ಲಿ ಹತ್ತಿರ ಹತ್ತಿರವಿದ್ದರೂ ಅವೆರಡೂ ಬೇರೆ ಬೇರೆ ಜೀನುಗಳ ಕೆಲಸ. ಒಂದಕ್ಕೆ ಇನ್ನೊಂದನ್ನು ಕೂಡಿಸಿದರೆ ಹುಟ್ಟುವ ಮರಿಗಳೆಲ್ಲ ಹೊರಗೆ ಸಾಮಾನ್ಯವಾಗಿಯೇ ಕಾಣುತ್ತವೆ. ವರದನ ರಸೀದಿಯಲ್ಲಿ ಕಾಲ್ ಎಂದು ಸ್ಪಷ್ಟವಾಗಿ ಬರೆದಿತ್ತು. ಭದ್ರೆಯದರಲ್ಲಿ ಹೆಟ್ ಆಲ್ಬಿನೊ ಎಂದಷ್ಟೇ ಇತ್ತು. ಮಾರಿದವನಿಗೆ ಬರೆದು ಕೇಳಿದೆ, ಉತ್ತರ ಬರಲಿಲ್ಲ. ಅವಳು ಶಾರ್ಪ್ ಹೆಟ್ ಇರಬಹುದು, ಅಥವಾ ಯಾವ ಹೆಟ್ಟೂ ಅಲ್ಲದಿರಬಹುದು. ಆರು ವರ್ಷ ಆ ಕಾಗದ ನನ್ನ ಕಡತದಲ್ಲೇ ಇತ್ತು, ಜೋಡಿ ಹಾಕುವ ಮೊದಲು ಒಮ್ಮೆ ತೆರೆದು ಓದಿದ್ದರೆ ಸಾಕಿತ್ತು.

ಈ ನಡುವೆ ಗೆಳೆಯನೊಬ್ಬ, ಇವು ವರದನ ಮರಿಗಳೇ ಹೌದೋ ಅಲ್ಲವೋ ಎಂದು ಇನ್ನೊಂದು ಹುಳ ಬಿಟ್ಟ. ಅದು ಪೂರ್ತಿ ಹಾಸ್ಯವಾಗಿರಲಿಲ್ಲ. ಗಂಡಿನ ಪಾಲೇ ಇಲ್ಲದೆ ಬೋವಾ ಮರಿ ಹಾಕಬಲ್ಲದೆಂದು 2010ರ ಕೊನೆಗೆ ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದ ವಾರೆನ್ ಬೂತ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟಿದ್ದರು. ಕ್ಯಾರಮೆಲ್ ಬಣ್ಣದ ಒಂದು ಸಾಕು ಬೋವಾ ಎರಡು ಹೆರಿಗೆಯಲ್ಲಿ ಹಾಕಿದ 22 ಮರಿಗಳೂ ಹೆಣ್ಣು, ಎಲ್ಲಕ್ಕೂ ತಾಯಿಯದೇ ದುರ್ಬಲ ಗುಣದ ಬಣ್ಣ. ಗಂಡುಗಳ ಜೊತೆಗಿದ್ದರೂ ಆ ಮರಿಗಳಲ್ಲಿ ಯಾವ ಗಂಡಿನ ಜೀನೂ ಇರಲಿಲ್ಲ. ನಮ್ಮ ಮರಿಗಳಲ್ಲಿ ಒಂಬತ್ತು ಗಂಡು, ಹತ್ತು ಹೆಣ್ಣು ಇದ್ದುದರಿಂದ ವರದನ ಮರ್ಯಾದೆ ಉಳಿಯಿತು.

ಈಗ ಆ ಹುಡುಗ ಕೇಳಿದ ದುಡ್ಡಿನ ವಿಷಯ. ಹತ್ತೊಂಬತ್ತು ಮರಿಗಳನ್ನು ಹತ್ತೊಂಬತ್ತು ಡಬ್ಬಿಗಳಲ್ಲಿ ಬೇರೆ ಬೇರೆಯಾಗಿ ಇಡಬೇಕು, ಏಕೆಂದರೆ ಒಟ್ಟಿಗಿಟ್ಟರೆ ಯಾವುದು ತಿಂದಿತು, ಯಾವುದು ಕಕ್ಕಿತು ಎಂಬುದೇ ತಿಳಿಯದು. ಪ್ರತಿ ಡಬ್ಬಿಗೂ ಶಾಖ, ನೀರು, ಮರೆ ಬೇಕು. ಹುಟ್ಟಿ ಹತ್ತು ಹನ್ನೆರಡು ದಿನಕ್ಕೆ ಮೊದಲ ಪೊರೆ, ಅದಾದ ಮೇಲೆ ಮೊದಲ ಊಟ. ಹದಿನೈದು ಮರಿಗಳು ಮೊದಲ ಸಲವೇ ತಿಂದವು. ಮೂರು ಮರಿಗಳು ಎರಡು ವಾರ ಸತಾಯಿಸಿದವು. ಒಂಬತ್ತನೆಯ ಡಬ್ಬಿಯ ಮರಿ ಅಕ್ಟೋಬರಿನವರೆಗೂ ಬಾಯಿ ತೆರೆಯದೆ, ಕೊನೆಗೆ ರಾತ್ರಿ ಹನ್ನೊಂದಕ್ಕೆ ಕತ್ತಲಲ್ಲಿ, ಇಲಿಮರಿಯನ್ನು ಡಬ್ಬಿಯೊಳಗಿಟ್ಟು ಬಟ್ಟೆ ಮುಚ್ಚಿ ಬಂದ ಮೇಲೆ ತಿಂದಿತು. ಪ್ರತಿ ಮರಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ: ತೂಕ, ಊಟ, ಮಲ, ಪೊರೆ.

ಪೂರ್ವ ಪೆನ್ಸಿಲ್ವೇನಿಯಾದ ಹ್ಯಾಂಬರ್ಗ್ ಊರಿನಲ್ಲಿ ಸರೀಸೃಪಗಳ ದೊಡ್ಡ ಸಂತೆ ನಡೆಯುತ್ತದೆ. ಅಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಸಾಮಾನ್ಯ ಬಣ್ಣದ ಬೋವಾ ಮರಿಯ ಬೆಲೆ ಎಷ್ಟೆಂಬ ಭ್ರಮೆ ಹರಿಯುತ್ತದೆ. ನಾನು ಕೊಟ್ಟದ್ದು 60ರಿಂದ 90 ಡಾಲರಿಗೆ, ಮೂರನ್ನು ಹಾಗೆಯೇ ಕೊಟ್ಟೆ. ಕೊಳ್ಳಲು ಬಂದವರೊಂದಿಗೆ ಬೆಲೆಗಿಂತ ಹೆಚ್ಚು ಹೊತ್ತು ಮಾತಾಡಿದ್ದು ಆಯುಸ್ಸಿನ ಬಗ್ಗೆ. ಬೋವಾ ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತು ವರ್ಷ ಬದುಕುತ್ತದೆ; ನಮ್ಮದೇ ರಾಜ್ಯದ ಫಿಲಡೆಲ್ಫಿಯಾ ಮೃಗಾಲಯದಲ್ಲಿದ್ದ ಪಾಪಾಯ್ ಎಂಬ ಬೋವಾ 1977ರ ಏಪ್ರಿಲ್ 15ರಂದು ಸತ್ತಾಗ ಅದಕ್ಕೆ 40 ವರ್ಷ 3 ತಿಂಗಳು ದಾಟಿತ್ತು. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಎರಡು ಮರಿ ಕೊಡಿ ಎಂದು ಬಂದಿದ್ದ. ನಿನಗೆ ನಲವತ್ತಾದಾಗಲೂ ಇದು ಇರುತ್ತದೆ, ಆಗ ಇದು ನಿನ್ನ ಹೆಂಡತಿಯ ಮನೆಯಲ್ಲೂ ಇರಬೇಕು ಎಂದೆ. ಯೋಚಿಸಿ ಬರುತ್ತೇನೆಂದು ಹೋದವನು ಬರಲಿಲ್ಲ, ನನಗೆ ಅವನ ಮೇಲೆ ಗೌರವವೇ ಹುಟ್ಟಿತು. ಕೊನೆಯ ಮರಿ ಮನೆ ಬಿಡುವಾಗ 2020ರ ಅಕ್ಟೋಬರ್, ಹದಿನಾಲ್ಕು ತಿಂಗಳು. ಡಬ್ಬಿ, ಇಲಿ, ವಿದ್ಯುತ್ತು, ಪಶುವೈದ್ಯರ ಖರ್ಚು ಕಳೆದರೆ ಸುಮಾರು 1,100 ಡಾಲರ್ ನಷ್ಟವಾಗಿತ್ತು. ನನ್ನ ಶನಿವಾರಗಳನ್ನು ಇದರಲ್ಲಿ ಸೇರಿಸಿಲ್ಲ.

ಕೊಟ್ಟ ಪ್ರತಿಯೊಬ್ಬರಿಗೂ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೆ: ಎಂದಾದರೂ ಇಟ್ಟುಕೊಳ್ಳಲು ಆಗದಿದ್ದರೆ ನನಗೇ ಮರಳಿಸಿ, ಹೊರಗೆ ಬಿಡಬೇಡಿ. ಪೆನ್ಸಿಲ್ವೇನಿಯಾದ ಚಳಿಯಲ್ಲಿ ಬಿಟ್ಟರೆ ಹಾವು ಸಾಯುತ್ತದೆ; ಬೆಚ್ಚನೆಯ ಜಾಗದಲ್ಲಿ ಬಿಟ್ಟರೆ ಅದು ಬದುಕುವುದೇ ತೊಂದರೆ. ಮೆಕ್ಸಿಕೊದ ಕೊಝುಮೆಲ್ ದ್ವೀಪ, ಅರುಬಾ, ಪೋರ್ಟೊ ರಿಕೊಗಳಲ್ಲಿ ಮನುಷ್ಯರ ಮೂಲಕ ಬಂದ ಬೋವಾಗಳು ನೆಲೆಯೂರಿ ಅಲ್ಲಿನ ಹಕ್ಕಿಗಳನ್ನೂ ಹಲ್ಲಿಗಳನ್ನೂ ತಿನ್ನುತ್ತಿವೆ. ಅಮೆರಿಕ ಸರ್ಕಾರ 2012ರಲ್ಲೂ 2015ರಲ್ಲೂ ಕೆಲವು ಹೆಬ್ಬಾವು, ಅನಕೊಂಡಾಗಳನ್ನು ಹಾನಿಕಾರಕ ಪ್ರಾಣಿಗಳ ಪಟ್ಟಿಗೆ ಸೇರಿಸಿದಾಗ ಬೋವಾವನ್ನೂ ಸೇರಿಸುವ ಮಾತಿತ್ತು. 2015ರ ಮಾರ್ಚ್‌ನಲ್ಲಿ ಅದನ್ನು ಕೈಬಿಟ್ಟರು. ನಾವು ಸಾಕುವವರು ಬೇಜವಾಬ್ದಾರಿಯಾದರೆ ಆ ಮಾತು ಮತ್ತೆ ಏಳುವುದಕ್ಕೆ ಹೆಚ್ಚು ದಿನ ಬೇಕಿಲ್ಲ.

ಬೆಂಗಳೂರಿನ ಹುಡುಗನಿಗೆ ಇನ್ನೂ ಒಂದು ಮಾತು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ನಾಲ್ಕನೆಯ ಅನುಸೂಚಿಗೆ ಸೇರಿಸಿದ್ದಾರೆ; ಬೋವಾ ಆ ಪಟ್ಟಿಯಲ್ಲಿದೆ. 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಕೈಯಲ್ಲಿದ್ದರೆ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಮರಿ ಹುಟ್ಟಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಪರವಾನಗಿಯಿಲ್ಲದೆ ಹೊರದೇಶದಿಂದ ತರುವುದಂತೂ ಕಳ್ಳಸಾಗಣೆಯೇ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದ ಪ್ರಯಾಣಿಕನ ಸೂಟ್‌ಕೇಸಿನಲ್ಲಿ ಹತ್ತು ಹಳದಿ ಅನಕೊಂಡಾಗಳು ಸಿಕ್ಕವು. ಅವೂ ಬೋವಾದ ಬಳಗದವೇ. ಯಾರೋ ಅಗ್ಗಕ್ಕೆ ಒಂದು ಜೋಡಿ ಕೊಡುತ್ತಾರೆಂದು ಆ ಹುಡುಗ ಫೋನಿನಲ್ಲಿ ಹೇಳಿದ್ದು ಎಂಥ ದಾರಿಯಲ್ಲಿ ಬಂದದ್ದಿರಬಹುದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಾಗದವಿಲ್ಲದ ಹಾವಿಗೆ ಮೈಸೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಯಾವ ವೈದ್ಯರ ಬಳಿಗೂ ತಲೆಯೆತ್ತಿ ಹೋಗಲಾಗುವುದಿಲ್ಲ.

ಭದ್ರೆ ಮತ್ತು ವರದ 2019ರ ಬಳಿಕ ಒಂದೇ ಪೆಟ್ಟಿಗೆಯಲ್ಲಿ ಇಲ್ಲ. ಕೊಟ್ಟ ಹತ್ತೊಂಬತ್ತರಲ್ಲಿ ಹದಿಮೂರರ ಸುದ್ದಿ ನನಗೆ ಈಗಲೂ ಬರುತ್ತದೆ, ಎರಡು ಸತ್ತಿವೆ, ಮೂರು ಮನೆಗಳ ಫೋನ್ ನಂಬರುಗಳು ಈಗ ಕೆಲಸ ಮಾಡುವುದಿಲ್ಲ. ಉಳಿದ ಒಂದು, ಅಂದರೆ ಹನ್ನೊಂದನೆಯದು, ಈ ಮಾರ್ಚ್‌ನಲ್ಲಿ ನಮ್ಮ ಮನೆಗೇ ಬಂತು. ಸಾಕಿದ ಹೆಣ್ಣುಮಗಳು ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಬೇಕಾಗಿ, ಹೊಸ ಮನೆಯ ಮಾಲೀಕರು ಹಾವಿಗೆ ಒಪ್ಪದೆ, ನಾನು ಬರೆದುಕೊಟ್ಟಿದ್ದ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು. ದಿಂಬಿನ ಚೀಲವನ್ನು ಬಿಚ್ಚುವಾಗ ಅವಳು ಅಳುತ್ತಿದ್ದಳು. ಐದಡಿ ಎಂಟಂಗುಲದ, ತುಸು ಹೆಚ್ಚೇ ತಿಂದು ಉರುಟಾದ ಹೆಣ್ಣು ಬೋವಾ ನನ್ನ ಮುಂಗೈ ಸುತ್ತಿಕೊಂಡು, ಅಂಗಿಯ ತೋಳಿನ ಮೇಲೆಲ್ಲ ನಾಲಿಗೆಯಾಡಿಸಿತು. ಭದ್ರೆಯ ಪೆಟ್ಟಿಗೆಯಿಂದ ದೂರ, ಬೇರೆ ಕೋಣೆಯಲ್ಲಿ ಮೂರು ತಿಂಗಳು ಅದರ ವಾಸ. ಹಳೆಯ ನೋಟ್‌ಬುಕ್ಕಿನಲ್ಲಿ ಅದರ ಪುಟ ಇನ್ನೂ ಅರ್ಧ ಖಾಲಿಯಿತ್ತು. 2019ರ ನವೆಂಬರಿನ ಕೊನೆಯ ಸಾಲಿನ ಕೆಳಗೆ ತೂಕ ಬರೆದೆ: 3.4 ಕಿಲೋ. ರಕ್ತಪರೀಕ್ಷೆಗೆ ಹೋಗಬೇಕು. ಮೊದಲ ಊಟ ಎರಡು ವಾರ ಬಿಟ್ಟು, ಚಿಕ್ಕದು.